ಎರಡು ಮಹಡಿ

"ರಿಪೋರ್ಟೆಲ್ಲ ಚೆನ್ನಾಗಿದೆ. ಮತ್ತೆ ಯಾಕೆ ಎದೆ ಭಾರ ಅಂತೀರಿ, ಅಜ್ಜ?" ಎರಡನೇ ಮಹಡಿಯ ತನ್ನ ಕೋಣೆಯಲ್ಲಿ ಡಾಕ್ಟರಮ್ಮ ಕೇಳಿದಳು.

ಅಜ್ಜ ಬಾಯಿ ತೆರೆಯುವ ಮೊದಲೇ ಮಗ ಉತ್ತರಿಸಿದ. "ನಿದ್ದೆ ಇಲ್ಲ ಡಾಕ್ಟ್ರೇ, ಊಟಾನೂ ಅಷ್ಟಕ್ಕಷ್ಟೆ. ಹಾರ್ಟ್ ಅಟ್ಯಾಕ್ ಆದಾಗಿಂದ ಅಮ್ಮ ಹೊರಗಿನ ಕೋಣೇಲಿ ಮಲಗ್ತಾಳೆ. ಅಪ್ಪನಿಗೆ ತೊಂದರೆ ಆಗಬಾರದಲ್ಲ."

ಅಜ್ಜಿ ಕೈಚೀಲದ ಹಿಡಿ ತಿರುಚುತ್ತ ಕುಳಿತಿದ್ದಳು. ಒಂದೇ ಬೆಂಚಿನ ಮೇಲಿದ್ದರೂ ಗಂಡಹೆಂಡಿರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

ಆ ಜಾಗ ಕಂಡು ಡಾಕ್ಟರಮ್ಮನ ಮನಸ್ಸು ಚುರುಕ್ಕೆಂದಿತು. ಬೆಳಿಗ್ಗೆ ತಾನೇ ಇದೇ ಕಾಯಿಲೆಯ ನಲವತ್ತರ ರೋಗಿಯೊಬ್ಬನಿಗೆ, ಅವನು ಕೇಳದಿದ್ದರೂ, ಹೆಂಡತಿಯೊಡನೆ ಯಾವಾಗಿನಿಂದ ಕೂಡಬಹುದೆಂದು ಹೇಳಿ ಕಳಿಸಿದ್ದಳು. ಇವರಿಗೆ ಉಪ್ಪು ಹೇಳಿದ್ದಳು, ಎಣ್ಣೆ ಹೇಳಿದ್ದಳು, ನಡಿಗೆ ಹೇಳಿದ್ದಳು. ತಲೆ ನರೆತಿದೆಯೆಂದು ಆ ಒಂದು ಮಾತನ್ನು ಮಾತ್ರ ನುಂಗಿಕೊಂಡಿದ್ದಳು.

ಮಗನನ್ನು ಕೆಳಗಿನ ಔಷಧಿ ಅಂಗಡಿಗೆ ಕಳಿಸಿ, ಬಾಗಿಲು ಮುಂದೆ ಮಾಡಿದಳು. "ಅಜ್ಜಿ, ನೀವು ಹತ್ತಿರ ಹೋದ್ರೆ ಇವರ ಎದೆ ನಿಂತುಹೋಗುತ್ತೆ ಅಂತ ಭಯಾನಾ?"

ಅಜ್ಜಿಯ ಕಣ್ಣು ತುಂಬಿತು. "ಒಂದ್ಸಲ ಕೈಬಿಟ್ಟೇ ಹೋಗಿದ್ರು. ದೇವರು ತಿರುಗಿ ಕೊಟ್ಟ. ಈಗ ನಾನೇ ಕಳಕೊಳ್ಳಲಾ?"

"ಬೆರಳು ಕೂಡ ಸೋಕಿಸಲ್ಲಮ್ಮ ಇವಳು," ಎಂದ ಅಜ್ಜ. "ಗಾಜಿನ ಸಾಮಾನಿನ ಹಾಗೆ ಎತ್ತಿಟ್ಟುಬಿಟ್ಟಿದ್ದಾಳೆ."

"ಗಂಡ ಹೆಂಡತಿ ಕೂಡೋದಕ್ಕೆ ಈ ಹೃದಯ ಅಡ್ಡಿ ಮಾಡಲ್ಲ ಅಜ್ಜಿ. ಏದುಸಿರಿಲ್ಲದೆ, ನೋವಿಲ್ಲದೆ ಎರಡು ಮಹಡಿ ಹತ್ತಿದ್ರೆ ಸಾಕು, ಅದಕ್ಕೂ ಅಷ್ಟೇ ಶಕ್ತಿ ಬೇಕಾಗೋದು. ಮೊದಲೇ ಹೇಳಬೇಕಿತ್ತು ನಾನು. ತಪ್ಪಾಯ್ತು."

"ಶ್! ಈ ವಯಸ್ಸಲ್ಲಿ ಎಂಥ ಮಾತಮ್ಮ!" ಅಜ್ಜಿ ಗದರಿ ಎದ್ದವಳು, ಗಂಡನತ್ತ ತಿರುಗಿಯೂ ನೋಡದೆ ಲಿಫ್ಟಿನ ಕಡೆ ನಡೆದಳು. ಅಜ್ಜ ಹಿಂದೆಯೇ ಹೋದ. ಡಾಕ್ಟರಮ್ಮನ ಮುಖ ಸಣ್ಣದಾಯಿತು.

ಸ್ವಲ್ಪ ಹೊತ್ತಿನ ಮೇಲೆ ಮುಂದಿನ ರೋಗಿಯನ್ನು ಕರೆಯಲು ಬಾಗಿಲು ತೆರೆದರೆ, ಲಿಫ್ಟಿನಲ್ಲಿ ಇಳಿದುಹೋಗಿದ್ದ ಇಬ್ಬರೂ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ! ಅಜ್ಜ ಮುಂದೆ, ಅವನ ಬೆನ್ನಿಗೆ ಅಂಗೈ ಕೊಟ್ಟು ಅಜ್ಜಿ ಹಿಂದೆ. "ನಿಧಾನ ರೀ. ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ?"

"ಏನಾದ್ರೂ ಮರೆತ್ರಾ, ಅಜ್ಜಿ?"

ಅಜ್ಜಿ ಕೊನೆಯ ಮೆಟ್ಟಿಲು ದಾಟಿದ ಗಂಡನನ್ನು ನಿಲ್ಲಿಸಿ, ಅವನ ಎದೆಗೆ ಕಿವಿಯಿಟ್ಟು ಆಲಿಸಿದಳು.

"ಅಮ್ಮಾ, ಎಲ್ಲಿದ್ದೀರಿ?" ಕೆಳಗಿನಿಂದ ಮಗ ಕೂಗಿದ.

"ತಡಿಯೋ! ನಿಮ್ಮಮ್ಮ ಪರೀಕ್ಷೆ ಮಾಡ್ತಿದ್ದಾಳೆ," ಎಂದ ಅಜ್ಜ.

ಪರೀಕ್ಷೆ ಆಗಲೇ ಮುಗಿದಿತ್ತು. ಅಜ್ಜಿ ತಲೆ ಮಾತ್ರ ಎತ್ತಲಿಲ್ಲ.