ನೆಲದ ಅಲೆ, ಬಾನಿನ ಅಲೆ

ಪರದೆಯ ಮೇಲಿನ ಗೆರೆಯಲ್ಲಿ ಎರಡು ಶಿಖರಗಳು ಒಂದರ ಪಕ್ಕ ಒಂದು ಎದ್ದು ನಿಂತಾಗ, ಪರಿಶೀಲನೆಗೆ ಬಂದಿದ್ದ ಸಮಿತಿಯ ಅಧ್ಯಕ್ಷ ಯೋಗಾನಂದರು ಮೊದಲು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದನ್ನು ನೋಡಿ ಉಳಿದ ಸದಸ್ಯರೂ ತಟ್ಟಿದರು. ದೊಡ್ಡಬೆಳವಂಗಲದ ಆಚೆ, ರಾಗಿ ಹೊಲಗಳ ನಡುವಿನ ದಿಬ್ಬದ ಮೇಲಿರುವ ಆ ಪುಟ್ಟ ರೇಡಿಯೊ ಸಂಶೋಧನಾ ಕೇಂದ್ರದಲ್ಲಿ ಚಪ್ಪಾಳೆ ಕೇಳಿಬಂದದ್ದು ಅದೇ ಮೊದಲು.

ಕೇಂದ್ರದ ಮುಖ್ಯಸ್ಥ ಉಮಾಶಂಕರ್ ಪರದೆಯತ್ತ ಬೆರಳು ತೋರಿಸಿ ವಿವರಿಸಿದರು. ದೂರದ ಕರಾವಳಿಯ ಗೋಪುರದಿಂದ ಹೊರಟ ರೇಡಿಯೊ ಸಂಕೇತ ನೆಲ ಹಿಡಿದು ನೇರ ಬರುವುದು ಒಂದು ದಾರಿ. ಅದೇ ಸಂಕೇತ ಮೇಲೇರಿ, ಬಾನಿನ ಮೇಲಿನ ಪದರಕ್ಕೆ ಬಡಿದು, ಕೊಂಚ ತಡವಾಗಿ ಇಳಿದುಬರುವುದು ಇನ್ನೊಂದು. ಎರಡೂ ಒಂದರ ಮೇಲೊಂದು ಬಿದ್ದರೆ ಹಡಗಿನವನಿಗೆ ತಾನೆಲ್ಲಿದ್ದೇನೆ ಎಂಬ ಲೆಕ್ಕವೇ ತಪ್ಪುತ್ತದೆ. ಬಂದರಿಗೆ ಹೋಗಬೇಕಾದವನು ಬಂಡೆಗೆ ಹೋಗುತ್ತಾನೆ. ಅವೆರಡನ್ನೂ ಎರಡು ಶಿಖರಗಳಾಗಿ ಬಿಡಿಸಿ ತೋರಿಸುವ ಪ್ರೋಗ್ರಾಮ್ ಇದು. ಬರೆದವಳು ಪ್ರಮೋದಾ, ಆದರೆ ತಮ್ಮ ಮಾರ್ಗದರ್ಶನದಲ್ಲಿ ಎಂದು ಸೇರಿಸಿದರು. ಮಾರ್ಗದರ್ಶನ ಎಂಬ ಮಾತನ್ನು ಅವರು ಎರಡು ಸಲ ಹೇಳಿದರು.

ಪ್ರಮೋದಾ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಸಮಿತಿ ಒಪ್ಪಿದರೆ ಅವಳ ಗುತ್ತಿಗೆ ಕೆಲಸ ಕಾಯಂ ಆಗುವುದಿತ್ತು. ಆಗಲೇ ಯಂತ್ರಗಳನ್ನು ನೋಡಿಕೊಳ್ಳುವ ಬೈರೇಶ್ ಬಂದು ಅವಳ ಕಿವಿಯಲ್ಲಿ ಹೇಳಿದ: "ಮೇಡಂ, ಆಂಟೆನಾ ಕೇಬಲ್ ಹರ್ದೋಗದೆ. ಪಕ್ಕದ ಲೇಔಟ್‌ಗೆ ರಸ್ತೆ ಮಾಡ್ತಾವ್ರಲ್ಲ, ಆ ಜೆಸಿಬಿಯವ್ನು ಬೆಳಿಗ್ಗೇನೇ ಕಿತ್ತಾಕ್ಬಿಟ್ಟವ್ನೆ."

ನಂಬಿಕೆಯಾಗದೆ ಅವಳು ಹೊರಗೆ ಹೋಗಿ ನೋಡಿದಳು. ಕೆಂಪು ಮಣ್ಣಿನ ರಾಶಿಯಿಂದ ಕೇಬಲ್ಲಿನ ತುಂಡು ಹೊರಗೆ ಚಾಚಿಕೊಂಡಿತ್ತು. ಇನ್ನೊಂದು ತುದಿ ಎಲ್ಲೋ ಮಣ್ಣಿನಡಿ ಹೂತುಹೋಗಿತ್ತು. ಅಂದರೆ ಒಳಗಿನ ಪರದೆಗೆ ಬೆಳಿಗ್ಗೆಯಿಂದ ಯಾವ ಸಂಕೇತವೂ ಬಂದಿರಲಿಲ್ಲ. ಎರಡು ಶಿಖರ ಹುಡುಕು ಎಂದು ಅವಳೇ ಪ್ರೋಗ್ರಾಮಿಗೆ ಹೇಳಿದ್ದಳು. ಅದು ಬರಿಯ ಗೊರಗೊರ ಸದ್ದಿನಲ್ಲೇ ಎರಡನ್ನು ಹುಡುಕಿ ಕೊಟ್ಟಿತ್ತು. ಮೊದಲು ಸಂಕೇತ ಬರುತ್ತಿದೆಯೇ ಎಂದು ಪರೀಕ್ಷಿಸುವ ಭಾಗವನ್ನೂ ಅವಳು ಬರೆದಿದ್ದಳು. ಅತಿಥಿಗಳ ಮುಂದೆ ಕೆಂಪಕ್ಷರದಲ್ಲಿ 'ಸಂಕೇತ ಇಲ್ಲ' ಎಂದು ಬಂದರೆ ಅಪಶಕುನ ಎಂದು ಉಮಾಶಂಕರ್ ಅದನ್ನು ತೆಗೆಸಿಹಾಕಿದ್ದರು.

ಸುಮ್ಮನಿದ್ದರೆ ಎಲ್ಲ ಸಲೀಸು, ಅವಳಿಗೆ ಗೊತ್ತಿತ್ತು. ಆದರೆ ಈ ಪ್ರೋಗ್ರಾಮನ್ನು ನಂಬಿ ನಾಳೆ ಯಾರೋ ಹಡಗು ತಿರುಗಿಸುತ್ತಾರೆ ಎಂಬುದೂ ಗೊತ್ತಿತ್ತು. ಒಳಗೆ ಬಂದು ಉಮಾಶಂಕರ್‌ರನ್ನು ಪಕ್ಕಕ್ಕೆ ಕರೆದು ಹೇಳಿದಳು. ಅವರು ಮುಖದ ಮೇಲಿನ ನಗೆ ಕದಡದಂತೆ, ಈಗ ಬೇಡ, ಅವರು ಟೀ ಕುಡಿದು ಹೊರಡಲಿ ಎಂದರು. ಪ್ರಮೋದಾ ಅಧ್ಯಕ್ಷರ ಕಡೆ ತಿರುಗಿದಳು.

"ಸರ್, ಆಂಟೆನಾ ಕೇಬಲ್ ತುಂಡಾಗಿದೆ. ನೀವು ನೋಡ್ತಿರೋದು ಸಂಕೇತ ಅಲ್ಲ. ನಾನು ಬರೆದ ಪ್ರೋಗ್ರಾಮು ಏನೂ ಇಲ್ಲದ ಕಡೆ ಎರಡು ತೋರಿಸ್ತಿದೆ. ಅದು ತಪ್ಪು."

ಟೀ ಕಪ್ಪುಗಳು ಬಾಯಿಯ ಹತ್ತಿರವೇ ನಿಂತವು. ಯೋಗಾನಂದರು ಪರದೆ ನೋಡಿದರು, ಆಮೇಲೆ ಉಮಾಶಂಕರ್ ಮುಖ ನೋಡಿದರು.

ಉಮಾಶಂಕರ್ ಗಂಟಲು ಸರಿಮಾಡಿಕೊಂಡರು. "ಇದನ್ನ ಕೊನೇಲಿ ಹೇಳೋಣ ಅಂತ ಇಟ್ಕೊಂಡಿದ್ದೆ ಸರ್. ಯುದ್ಧದಲ್ಲಿ ಆಂಟೆನಾನೇ ಹೊಡೆದುಹಾಕಿದ್ರೂ ನಮ್ಮ ವ್ಯವಸ್ಥೆ ನಿಲ್ಲೋದಿಲ್ಲ. ಪ್ರಮೋದಾ ಈಗ ತೋರ್ಸಿದ್ದು ಅದನ್ನೇ."

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಹಾಗಲ್ಲ ಎಂದು ಪ್ರಮೋದಾ ಮತ್ತೆ ಬಿಡಿಸಿ ಹೇಳಲು ಹೋದಳು. ಸದಸ್ಯರೊಬ್ಬರು ಅವಳ ಭುಜ ತಟ್ಟಿ, ಇಷ್ಟೊಂದು ವಿನಯ ಒಳ್ಳೆಯದಲ್ಲ, ನಮ್ಮ ಹೆಣ್ಣುಮಕ್ಕಳು ಹಿಂದುಳಿಯುವುದೇ ಇದರಿಂದ ಎಂದು ಬುದ್ಧಿ ಹೇಳಿ ಬೋಂಡಾ ತಟ್ಟೆಯ ಕಡೆ ಹೋದರು.

ಮರುದಿನ ಅವಳು ನಡೆದದ್ದನ್ನೆಲ್ಲ ಬರೆದು ಅಧ್ಯಕ್ಷರಿಗೆ ಕಳಿಸಿದಳು. ಅದಕ್ಕೆ ಉತ್ತರ ಬರಲಿಲ್ಲ. ಕೆಲಸ ಕಾಯಂ ಆದ ಆದೇಶ ಬಂತು. ದೊಡ್ಡಬಳ್ಳಾಪುರದಲ್ಲಿ ಅವಳ ತಾಯಿ ಶಕುಂತಲಮ್ಮ ಬೀದಿಯ ಮಗ್ಗದ ಮನೆಗಳಿಗೆಲ್ಲ ಮೈಸೂರುಪಾಕು ಹಂಚಿದರು. ಪ್ರಮೋದಾ ಚೂರೂ ಬಾಯಿಗಿಡಲಿಲ್ಲ. ಮಗಳಿಗೆ ದೃಷ್ಟಿಯಾಗಿದೆ ಎಂದು ತಾಯಿ ಮೆಣಸಿನಕಾಯಿ ನಿವಾಳಿಸಿದರು.

ಇನ್ನು ನಿಜವಾದ ಕೆಲಸ ಶುರುಮಾಡಬೇಕೆಂದು ಉಮಾಶಂಕರ್ ಹೊಸ ಕೇಬಲ್ಲಿಗೆ ಬೇಡಿಕೆ ಕಳಿಸಿದರು. ವಾರ ಕಳೆದರೂ ಸುದ್ದಿಯಿಲ್ಲದ್ದರಿಂದ ಕೇಂದ್ರ ಕಚೇರಿಗೆ ಫೋನ್ ಮಾಡಿದರು. ಎದುರಿಗೆ ಕೂತಿದ್ದ ಪ್ರಮೋದಾಗೂ ಆ ಕಡೆಯ ಅಧಿಕಾರಿಯ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಆಂಟೆನಾ ಇಲ್ದೇನೇ ಕೆಲ್ಸ ಮಾಡುತ್ತೆ ಅಂತ ಸಮಿತಿ ವರದೀಲೇ ಇದೆಯಲ್ಲ ಸಾರ್. ಮತ್ತೆ ಕೇಬಲ್ ಯಾಕೆ? ಆಡಿಟ್‌ನವ್ರು ನನ್ನ ಸುಮ್ನೆ ಬಿಡ್ತಾರಾ?"

ಉಮಾಶಂಕರ್ ಫೋನ್ ಕೆಳಗಿಟ್ಟರು. ಪ್ರಮೋದಾಳ ಕಡೆ ತಿರುಗಿ ನೊಂದ ದನಿಯಲ್ಲಿ ಕೇಳಿದರು:

"ಅವತ್ತು ನೀನು ಇನ್ನೂ ಸ್ವಲ್ಪ ಜೋರಾಗಿ ಹೇಳ್ಬಾರ್ದಿತ್ತೇನಮ್ಮ?"