ಅಟ್ಟದ ಪೈಪಿಗೆ ಹೊದಿಸಿದ ಕೌದಿ

ಕಲಬುರಗಿಯಲ್ಲಿ ಹಿಮ ಬೀಳತೊಡಗಿ ಎರಡು ತಲೆಮಾರು ಕಳೆದಿತ್ತು. ಮನೆಮನೆಯಲ್ಲೂ ಕಲ್ಲಿದ್ದಲಿನ ಒಲೆ. ಅದಕ್ಕೇ ಚಾವಣಿಯಲ್ಲಿ, ಬೆಂಕಿ ಬಿದ್ದರೆ ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್.

ಅಂದು ಕರೆಂಟು ಹೋಗಿ, ಅದಕ್ಕೆ ನೀರು ತರುವ ಅಟ್ಟದ ಪೈಪನ್ನು ಬೆಚ್ಚಗಿಡುವ ತಂತಿ ತಣ್ಣಗಾಯಿತು. ನೀರು ಹೆಪ್ಪುಗಟ್ಟೀತೆಂದು ನಾಗವೇಣಿ ಮನೆಯ ಹೊದಿಕೆಗಳನ್ನೆಲ್ಲ ಪೈಪಿಗೆ ಸುತ್ತಿದಳು. ಆದರೂ ಒಂದು ತುದಿ ಬರಿದಾಗಿ ಉಳಿಯಿತು.

"ಅತ್ತಿ, ನಿಮ್ಮ ಕೌದಿ ಕೊಡ್ರಿ."

"ನಾ ಸೆಟೆದು ಸಾಯ್ಲೇನು? ಪೈಪಿನ ಮ್ಯಾಲಿರೋ ಅಕ್ಕರತಿ ನನ್ನ ಮ್ಯಾಲಿಲ್ಲ ನಿಂಗ!"

ನಾಗವೇಣಿ ಕೌದಿ ಎಳೆದುಕೊಂಡು ಅಟ್ಟ ಹತ್ತಿ ಆ ತುದಿಗೆ ಸುತ್ತಿದಳು. ಅತ್ತೆ ಶಪಿಸುತ್ತ ಒಲೆಗೆ ಇನ್ನಷ್ಟು ಒತ್ತಿ ಕೂತರು. ಕಿಡಿಯೊಂದು ಸಿಡಿದು ಸೆರಗಿಗೆ ಹತ್ತಿತು. ಅವರು ಕಿರುಚಿ ಕೊಡವಿದಾಗ ಕಿಟಕಿಯ ಪರದೆಯೂ ಭಗ್ಗೆಂದಿತು. ನಾಗವೇಣಿ ಏಣಿಯಿಂದ ಧುಮುಕಿ ಸೆರಗನ್ನು ಕಾಲಲ್ಲಿ ತುಳಿದು ಆರಿಸಿದಳು. ಪರದೆಯ ಉರಿ ಚಾವಣಿಗೆ ಏರುತ್ತಿತ್ತು. ಸ್ಪ್ರಿಂಕ್ಲರ್ ಟಪ್ಪೆಂದು ಬಾಯಿ ತೆರೆಯಿತು. ನೀರಿಲ್ಲ.

"ಬಾ ನನ್ನವ್ವ, ಬಾ!" ನಾಗವೇಣಿ ನೀರನ್ನು ಕೂಗಿ ಕರೆದಳು.

ಪೈಪು ಗೊರಗೊರ ಸದ್ದು ಮಾಡಿ, ಆಮೇಲೆ ಭೋರೆಂದು ಸುರಿಯಿತು.

ಬೆಂಕಿ ಆರಿತು. ತೊಯ್ದು ತೊಪ್ಪೆಯಾದ ಅತ್ತೆ ಸೊಸೆಯನ್ನು ಅವುಚಿಕೊಂಡು ಗಡಗಡ ನಡುಗಿದರು.

"ನೀ ಕಸ್ಕೊಂಡಿದ್ದಕ್ಕ ಸುಟ್ಕೊಂಡೆ, ಕಸ್ಕೊಂಡಿದ್ದಕ್ಕ ಉಳಕೊಂಡೆ. ಈಗ ನಿಂಗ ಬೈಲೋ, ಕೈ ಮುಗೀಲೋ ಹೇಳವ್ವ."