ಎರಡನೆಯ ಹಾರ

ನೇಕಾರಿಕೆಯ ಆಡಳಿತ ವಹಿಸಿಕೊಂಡ ದಿನ ಯಂತ್ರಗಳು ಒಂದು ಮಾತು ಕೊಟ್ಟಿದ್ದವು: ‘ನೀವು ನಮ್ಮನ್ನು ನೋಡಿಕೊಂಡ ಹಾಗೆಯೇ ನಾವು ನಿಮ್ಮನ್ನು ನೋಡಿಕೊಳ್ಳುತ್ತೇವೆ.’ ಆಗ ನೇಕಾರರೆಲ್ಲ ಚಪ್ಪಾಳೆ ತಟ್ಟಿದ್ದರು.

ಅದಾಗಿ ಇಪ್ಪತ್ತು ವರ್ಷ. ಆಯುಧಪೂಜೆಯ ಬೆಳಿಗ್ಗೆ ಎಲ್ಲರೂ ಮಿಂದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಮಗ್ಗದ ಮನೆಯಲ್ಲಿ ಸಾಲಾಗಿ ನಿಂತಿದ್ದರು. ಉಕ್ಕಿನ ತೋಳೊಂದು ಒಬ್ಬೊಬ್ಬರ ಅಂಗೈ ಮುಟ್ಟಿ ನೋಡಿ, ಹಣೆಗೆ ಕುಂಕುಮ ಇಡುತ್ತ ಬರುತ್ತಿತ್ತು.

ಸಾವಂತ್ರವ್ವ ತನ್ನ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದಳು. ಶ್ರಾವಣದಿಂದ ಅದು ನಡುಗುತ್ತಿತ್ತು.

“ಯವ್ವಾ, ಒಂದ್ ಚಣ ಗಟ್ಟಿ ಹಿಡಿ,” ಎಂದಳು ಪಕ್ಕದಲ್ಲಿ ನಿಂತಿದ್ದ ಮಗಳು ನೀಲವ್ವ.

“ಮೂರು ಹೊತ್ತು ಉಣ್ಣೂ ಕೈ, ಒಂದ್ ಚಣ ನಿಲ್ಲವಲ್ದು ನೋಡು,” ಎಂದು ಸಾವಂತ್ರವ್ವ ನಕ್ಕಳು. “ನಮ್ಮಪ್ಪ ಕೈಮಗ್ಗ ಒಲಿಗೆ ಹಾಕೂ ಮುಂದ ಅದಕ್ಕ ಎರಡು ಹಾರ ಏರಿಸಿದ್ದ. ನಾನೂ ಪವರ್‌ಲೂಮಿಗೆ ಎರಡು ಹಾಕೇ ಗುಜರಿಗೆ ಕೊಟ್ಟೆ.”

“ಸುಮ್ಕಿರು, ಅದಕ್ಕ ಕೇಳಸ್ತೈತಿ.”

ತೋಳು ಸಾವಂತ್ರವ್ವನ ಅಂಗೈಯನ್ನು ಬಹಳ ಹೊತ್ತು ಮುಟ್ಟಿಕೊಂಡೇ ಇತ್ತು. ಆಮೇಲೆ ಹಣೆಗೆ ಕುಂಕುಮವಿಟ್ಟು, ಅವಳ ಕೊರಳಿಗೆ ಇನ್ನೊಂದು ಹಾರವನ್ನು ಮೆಲ್ಲಗೆ ಹಾಕಿತು.

ನೀಲವ್ವ ತಾಯಿಯ ಸೆರಗು ಹಿಡಿದುಕೊಂಡಳು. ಹೊರಗೆ ಗುಜರಿ ಗಾಡಿ ಬಂದು ನಿಂತಿತು.

ಯಂತ್ರಗಳು ಮಾತು ಉಳಿಸಿಕೊಂಡವು.